ಉತ್ತರ ಚೀನಾದ ಪುರಾತನ ಸ್ಥಳಗಳಲ್ಲಿ ರೈಲುಪ್ರವಾಸ

ಚೀನಾ ದೇಶವೆಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಅದರ ಮಹಾಗೋಡೆಯೊಂದೇ. ಆದರೆ ಆ ದೇಶದ ಉತ್ತರಭಾಗದಲ್ಲಿ ರೈಲುಬಂಡಿಯನ್ನೇ ನೆಚ್ಚಿ ಹತ್ತು ಹನ್ನೆರಡು ದಿನ ಸಂಚರಿಸಿದರೆ, ಗೋಡೆಗಿಂತಲೂ ನಮಗೆ ಹತ್ತಿರವಾದ ವಸ್ತುಗಳು ಅಲ್ಲಿ ಎಷ್ಟೋ ಇರುವುವೆಂಬುದು ಮನದಟ್ಟಾಗುವುದು. ಹೋಗಬಯಸುವವರಿಗೂ, ಮನೆಯಲ್ಲಿ ಕುಳಿತೇ ತಿಳಿಯಬಯಸುವವರಿಗೂ ಪ್ರಯೋಜನವಾಗಲೆಂದು ನಾವು ಕಂಡುದರಲ್ಲಿ ಮುಖ್ಯವಾದುದನ್ನು ಇಲ್ಲಿ ಬರೆಯುತ್ತೇವೆ.

ನಮ್ಮ ಹಿರಿಯರು ಪೀಕಿಂಗ್ ಎನ್ನುತ್ತಿದ್ದ ಬೀಜಿಂಗ್ ನಗರದಿಂದ ಯಾತ್ರೆಯು ಆರಂಭವಾಗುವುದು. 1420ರಲ್ಲಿ ಕಟ್ಟಿ ಮುಗಿದ ಅರಮನೆಯನ್ನು ನೋಡಲು ಒಂದು ಪೂರ್ಣ ದಿನ ಬೇಕು. ಸಾಮಾನ್ಯವಾಗಿ ಸೋಮವಾರ ಅದರ ಬಾಗಿಲು ತೆರೆಯದು. ಅಲ್ಲಿಂದ ವಾಯವ್ಯಕ್ಕೆ, ಮಹಾಗೋಡೆಯ ಕಣಿವೆಯಲ್ಲಿ ಜೂಯೊಂಗ್ ಎಂಬ ಘಟ್ಟದ ಬಾಗಿಲಿದೆ. ಗೋಡೆಯನ್ನು ಹತ್ತುವ ಆತುರದಲ್ಲಿ ಹೆಚ್ಚಿನವರು ಲಕ್ಷಿಸದೆ ಹೋಗುವ ಬಿಳಿಯ ಕಲ್ಲಿನ ಕಮಾನೊಂದು ಅಲ್ಲಿ ನಿಂತಿದೆ. ಮಂಗೋಲ ಅರಸರ ಕಾಲದಲ್ಲಿ, 1345ರಲ್ಲಿ, ಪೂರ್ಣವಾದ ಈ ಕಮಾನಿನ ಒಳಗೋಡೆಗಳ ಮೇಲೆ ಬೌದ್ಧಮಂತ್ರಗಳನ್ನು ಆರು ಲಿಪಿಗಳಲ್ಲಿ ಕೊರೆದಿದ್ದಾರೆ. ಅವುಗಳಲ್ಲಿ ಒಂದು ಭಾಗ ಸಂಸ್ಕೃತ. ಮಹಾಗೋಡೆಯ ಬಾಗಿಲಲ್ಲಿ ಸಂಸ್ಕೃತಾಕ್ಷರಗಳನ್ನು ಕಂಡಾಗ ನಮಗೆ ಉಂಟಾದ ಆನಂದವನ್ನು ವಾಚಕರು ಊಹಿಸಿಕೊಳ್ಳಬಹುದು.

ಈ ಕಣಿವೆಯ ರೈಲುದಾರಿಯೂ ನೋಡತಕ್ಕದ್ದೇ. ಜಾನ್ ತಿಯೆನ್‌ಯೂ ಎಂಬ ಚೀನೀ ಇಂಜಿನಿಯರನು ಪರದೇಶದವರ ನೆರವಿಲ್ಲದೆ 1909ರಲ್ಲಿ ಈ ದಾರಿಯನ್ನು ಮುಗಿಸಿದನು. ಬಂಡಿಯು ಒಂದೇ ಉಸಿರಿನಲ್ಲಿ ಬೆಟ್ಟವನ್ನು ಏರಲಾರದೆಂದು, ಸ್ವಲ್ಪ ದೂರ ಮುಂದೆ ಹೋಗಿ, ನಿಂತು, ಹಿಮ್ಮುಖವಾಗಿ ಏರುವಂತೆ ಹಳಿಗಳನ್ನು ಓರೆಯಾಗಿ ಹಾಕಿಸಿದನು. 2019ರ ಡಿಸೆಂಬರಿನಲ್ಲಿ ತೆರೆದ ಅತಿವೇಗದ ದಾರಿಯಾದರೋ ಬೆಟ್ಟದ ಹೊಟ್ಟೆಯನ್ನೇ ಸೀಳಿ ಹೋಗುವುದು. ಗೋಡೆಯ ಬಳಿಯ ನಿಲ್ದಾಣವು ನೆಲದಿಂದ ಮುನ್ನೂರು ಅಡಿಗೂ ಹೆಚ್ಚು ಆಳದಲ್ಲಿದೆ.

ಈ ದಾರಿಯಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣದಿಂದ ದಾತೋಂಗ್ ನಗರವನ್ನು ಸೇರಬಹುದು. ಊರಿನ ಪಶ್ಚಿಮಕ್ಕೆ ಹತ್ತು ಮೈಲಿಗಳಲ್ಲಿ ಯುನ್‌ಗಾಂಗ್ ಗುಹೆಗಳಿವೆ. ಇವುಗಳ ಹಿಂದೆ ಒಂದು ದುಃಖದ ಕಥೆಯಿದೆ. 446ರಲ್ಲಿ ಉತ್ತರ ವೇಯಿ ವಂಶದ ಅರಸನು ಬೌದ್ಧಮತವನ್ನು ನಿಷೇಧಿಸಿ ವಿಹಾರಗಳನ್ನು ಹಾಳುಗೆಡಹಿದನು. ಅವನ ಮೊಮ್ಮಗನು ಪಟ್ಟಕ್ಕೆ ಬಂದಮೇಲೆ ಆ ಮತವು ಪುನಃ ತಲೆಯೆತ್ತಿತು. ತಾನ್‌ಯಾವ್ ಎಂಬ ಭಿಕ್ಷುವು ಅರಸನನ್ನು ಒಪ್ಪಿಸಿ, 460ರ ಸುಮಾರಿಗೆ ಬೆಟ್ಟದಲ್ಲಿ ಐದು ಮಹಾಗುಹೆಗಳನ್ನು ಕೊರೆಯಿಸತೊಡಗಿದನು. ಮರದ ವಿಹಾರವನ್ನು ಸುಡಬಹುದು, ಬೆಟ್ಟವನ್ನು ಸುಡಲಾಗದು ಎಂಬ ಯೋಚನೆ ಆತನಲ್ಲಿ ಇದ್ದಿರಬೇಕೆಂದು ನಮಗೆ ತೋರುವುದು.

ಈಗ ಅಲ್ಲಿ ಎಣಿಸಿರುವ ಗುಹೆಗಳೂ ಗೂಡುಗಳೂ 252. ವಿಗ್ರಹಗಳು 51,000ಕ್ಕೂ ಹೆಚ್ಚು. 20ನೆಯ ಗುಹೆಯ ಮುಂಗೋಡೆ ಬಿದ್ದುಹೋಗಿರುವುದರಿಂದ, ಸುಮಾರು 45 ಅಡಿ ಎತ್ತರದ ಬುದ್ಧನು ಬಯಲಿನಲ್ಲಿಯೇ ಬಿಸಿಲಿಗೆ ಮುಖವೊಡ್ಡಿ ಕುಳಿತಿದ್ದಾನೆ. 8ನೆಯ ಗುಹೆಯ ದ್ವಾರದಲ್ಲಿ ಮೂರು ಮುಖ, ಎಂಟು ತೋಳುಗಳ ಮಹೇಶ್ವರನು ವೃಷಭವನ್ನೇರಿದ್ದಾನೆ. ಬೆಟ್ಟವನ್ನು ಕೊರೆದು ದೇವಾಲಯ ಮಾಡುವ ವಿದ್ಯೆಯು ಭರತಖಂಡದಿಂದ ಮಧ್ಯ ಏಷ್ಯದ ಮರುಭೂಮಿಗಳನ್ನು ದಾಟಿ ಬಂದುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಮ್ಮ ಬಾದಾಮಿಯ 3ನೆಯ ಗುಹೆಯು 578ರದು. ಅದೂ ಇದರಂತೆಯೇ ಮರಳುಗಲ್ಲಿನದು.

ಆದರೆ ಮರಳುಗಲ್ಲು ಮೆತುವಾದುದು. ನೀರೂ ಗಾಳಿಯೂ ಅದನ್ನು ತಿನ್ನುವುವು. ದಾತೋಂಗ್ ಕಲ್ಲಿದ್ದಲಿನ ಊರಾದುದರಿಂದ ಅದರ ಧೂಳು ಬಹುಕಾಲ ವಿಗ್ರಹಗಳ ಮೇಲೆ ಕುಳಿತಿತು. ಲಾರಿಗಳು ಓಡುತ್ತಿದ್ದ ಹೆದ್ದಾರಿಯನ್ನು 20ನೆಯ ಶತಮಾನದ ಕೊನೆಯಲ್ಲಿ ಬೇರೆಡೆಗೆ ತಿರುಗಿಸಿದರು. ಇದಕ್ಕಿಂತ ದೊಡ್ಡ ಹಾನಿ ಮನುಷ್ಯರ ಕೈಯಿಂದಾಯಿತು. ಅದೇ ಶತಮಾನದ ಪೂರ್ವಾರ್ಧದಲ್ಲಿ ಕಳ್ಳರು ಎಷ್ಟೋ ವಿಗ್ರಹಗಳ ತಲೆಗಳನ್ನು ಕಡಿದು ಪರದೇಶದ ವ್ಯಾಪಾರಿಗಳಿಗೆ ಮಾರಿದರು. ತಲೆಯಿಲ್ಲದ ಆ ಸಾಲುಗಳ ಮುಂದೆ ನಿಂತವರಿಗೆ, ಹಳೆಯ ವಿಗ್ರಹವನ್ನು ಕೊಳ್ಳುವವನಿರುವವರೆಗೆ ಕಡಿಯುವವನೂ ಇರುವನೆಂಬ ಮಾತು ಚೆನ್ನಾಗಿ ತಿಳಿಯುವುದು. ಈ ಮಾತು ನಮ್ಮ ನಾಡಿನ ಪಾಳುಗುಡಿಗಳಿಗೂ ಸಲ್ಲುವುದು.

ದಾತೋಂಗಿನಿಂದ ಬಾಡಿಗೆಯ ಮೋಟಾರಿನಲ್ಲಿಯೋ ಸ್ಥಳೀಯ ಪ್ರವಾಸದವರ ಜೊತೆಯಲ್ಲಿಯೋ ಒಂದೇ ದಿನದಲ್ಲಿ ಎರಡು ಸ್ಥಳಗಳನ್ನು ನೋಡಿಬರಬಹುದು. ಒಂದು, ಹೆಂಗ್‌ಶಾನ್ ಬೆಟ್ಟದ ಕಡಿದಾದ ಬಂಡೆಗೆ ಅಂಟಿಕೊಂಡಿರುವ ತೂಗುದೇವಾಲಯ; ಅಲ್ಲಿನ ಒಂದು ಕೋಣೆಯಲ್ಲಿ ಬುದ್ಧ, ಲಾವೋತ್ಸೆ, ಕನ್‌ಫ್ಯೂಷಿಯಸ್ ಮೂವರೂ ಒಟ್ಟಿಗೆ ಪೂಜೆಗೊಳ್ಳುವರು. ಇನ್ನೊಂದು, ಯಿಂಗ್ ಪ್ರಾಂತದ ಮರದ ಗೋಪುರ. 1056ರಲ್ಲಿ ಕಟ್ಟಿದ ಇದರ ಎತ್ತರ ಸುಮಾರು 220 ಅಡಿ. ಮರಕ್ಕೆ ಮರವನ್ನೇ ಕಚ್ಚಿಸಿ ನಿಲ್ಲಿಸಿದ ಈ ಗೋಪುರವು ಎಷ್ಟೋ ಭೂಕಂಪಗಳನ್ನು ತಾಳಿಕೊಂಡಿದೆ. ಈಗ ನಡುವೆ ವಾಲಿರುವುದರಿಂದ ಯಾತ್ರಿಕರನ್ನು ಮೇಲಂತಸ್ತುಗಳಿಗೆ ಬಿಡುವುದಿಲ್ಲ.

ಅಲ್ಲಿಂದ ತಾಯ್‌ಯುವಾನ್ ಮಾರ್ಗವಾಗಿ ಪಿಂಗ್‌ಯಾವ್ ಪಟ್ಟಣಕ್ಕೆ ಬರಬೇಕು. 1370ರ ಕೋಟೆಗೋಡೆ ಸುಮಾರು ನಾಲ್ಕು ಮೈಲಿ ಸುತ್ತಳತೆಯಿಂದ ಊರನ್ನು ಇಂದಿಗೂ ಬಳಸಿನಿಂತಿದೆ. ಒಳಗೆ ಜನರು ವಾಸಿಸುತ್ತಲೇ ಇದ್ದಾರೆ. 1823ರಲ್ಲಿ ಹುಂಡಿಯ ವ್ಯವಹಾರವನ್ನು ಆರಂಭಿಸಿದ ರಿಶೆಂಗ್‌ಚಾಂಗ್ ಎಂಬ ಕೋಠಿಯು ಇಲ್ಲಿಯದು. ದಾತೋಂಗಿನಲ್ಲಿ 2008ರಿಂದೀಚೆಗೆ ಹಳೆಯ ಮಣ್ಣಿನ ಗೋಡೆಗೆ ಹೊಸ ಇಟ್ಟಿಗೆ ಹೊದಿಸಿ ಕೋಟೆಯನ್ನು ಪುನಃ ಕಟ್ಟಿದ್ದಾರೆ. ಅದು ನೋಡಲು ಭವ್ಯವಾದರೂ ಹೃದಯವನ್ನು ಮುಟ್ಟದು. ಪಿಂಗ್‌ಯಾವ್ ಗೋಡೆಯಾದರೋ 2021ರ ಅಕ್ಟೋಬರಿನ ಮಳೆಗೆ ಸುಮಾರು 25 ಮೀಟರುಗಳಷ್ಟು ಕುಸಿಯಿತು. ನಿಜವಾಗಿ ಹಳೆಯದಾದುದು ಕುಸಿಯಲೂ ಬಲ್ಲುದು. ಆದುದರಿಂದಲೇ ಅದಕ್ಕೆ ದಿನದಿನದ ಆರೈಕೆ ಬೇಕು.

ಮುಂದೆ ಸುಮಾರು ಮೂರು ಗಂಟೆಯ ಪ್ರಯಾಣ ಶಿಯಾನ್ ನಗರಕ್ಕೆ. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ದೊರೆತ ಮಣ್ಣಿನ ಸೈನ್ಯವನ್ನು ಎಲ್ಲರೂ ಬಲ್ಲರು. ಕನ್ನಡಿಗರು ತಪ್ಪದೆ ನೋಡಬೇಕಾದುದು 652ರಲ್ಲಿ ಕಟ್ಟಿದ ದೊಡ್ಡ ಹಂಸಗೋಪುರ. ಹ್ಯುಯೆನ್‌ತ್ಸಾಂಗನು ಭರತಖಂಡದಿಂದ ಹೊತ್ತುತಂದ ಗ್ರಂಥಗಳ ರಕ್ಷಣೆಗಾಗಿ ಎದ್ದುದು ಇದು. ನಮ್ಮ ಚಾಲುಕ್ಯ ಪುಲಕೇಶಿಯ ಶೌರ್ಯವನ್ನೂ, ಹರ್ಷನಿಗೆ ಅವನು ಮಣಿಯದುದನ್ನೂ ಬರೆದಿಟ್ಟ ಮಹನೀಯನು ಈತನೇ.

ಹೊರಡುವವರಿಗೆ ಎರಡು ಮಾತು. ರೈಲಿನ ಟಿಕೆಟ್ಟು ಪಾಸ್‌ಪೋರ್ಟಿನ ಹೆಸರಿನಲ್ಲಿಯೇ ಆಗುವುದರಿಂದ ಅದನ್ನು ಸದಾ ಬಳಿಯಲ್ಲಿಟ್ಟುಕೊಂಡು, ತಪಾಸಣೆಗಾಗಿ ಒಂದು ಗಂಟೆ ಮುಂಚೆ ನಿಲ್ದಾಣವನ್ನು ಸೇರಬೇಕು. ಸಸ್ಯಾಹಾರಿಗಳು ತಾವು ‘ಸು’, ಎಂದರೆ ಸಸ್ಯಾಹಾರ, ಮಾತ್ರ ಉಣ್ಣುವುದಾಗಿ ಚೀನೀ ಲಿಪಿಯಲ್ಲಿ ಬರೆಯಿಸಿದ ಚೀಟಿಯನ್ನು ಇಟ್ಟುಕೊಳ್ಳುವುದು ಲೇಸು. ಮೊಟ್ಟೆ ಬೇಡವಾದರೆ ಅದನ್ನೂ ಕಾಣಿಸಬೇಕು. ವಸಂತವೂ ಶರತ್ತೂ ಯಾತ್ರೆಗೆ ತಕ್ಕ ಕಾಲ. ಪುಲಕೇಶಿಯ ಕೀರ್ತಿಯನ್ನು ಹೊರನಾಡಿನ ಯಾತ್ರಿಕನೊಬ್ಬನು ಕಾಪಾಡಿಕೊಟ್ಟನು. ಅವನ ನಾಡನ್ನು ಕಂಡುಬಂದವರು ತಮ್ಮ ಊರಿನ ಹಳೆಯ ಕಲ್ಲೊಂದನ್ನಾದರೂ ಕಾಪಾಡಲು ಮನಸ್ಸು ಮಾಡಿದರೆ ಯಾತ್ರೆಯು ಸಫಲವಾಯಿತೆಂದು ನಾವು ತಿಳಿಯುವೆವು.