ಮನೆಯಲ್ಲೊಂದು ಅಚ್ಚಿನ ಯಂತ್ರ

ಚಕ್ಕುಲಿಯ ಒರಳಿನ ತಿರುಪನ್ನು ತಿರುಗಿಸಿ ಬಲ್ಲವರಿಗೆ ಮುದ್ರಣಯಂತ್ರದ ಅರ್ಧ ಗುಟ್ಟು ಆಗಲೇ ತಿಳಿದಿರುತ್ತದೆ. ಕೈಯ ಅಲ್ಪ ಬಲವನ್ನು ಹೆಚ್ಚಿಸಿ ಒತ್ತುವುದೇ ಎರಡರ ಕೆಲಸವೂ. 15ನೆಯ ಶತಮಾನದಲ್ಲಿ ಜರ್ಮನಿಯ ಗುಟೆನ್‌ಬರ್ಗನ ಯಂತ್ರವು ಕಾಗದವನ್ನು ಒತ್ತುತ್ತಿದ್ದುದೂ ತಿರುಪಿನಿಂದಲೇ. ಹೀಗಿರುವಾಗ, ಚಿತ್ರಕಲೆಯ ಹವ್ಯಾಸವುಳ್ಳವರು ಮನೆಯ ಮೂಲೆಯಲ್ಲಿ ಅಚ್ಚಿನ ಯಂತ್ರವೊಂದನ್ನು ತಾವೇ ಅಣಿಗೊಳಿಸಿಕೊಳ್ಳುವುದು ಅಸಾಧ್ಯವೇನಲ್ಲ.

ಉಬ್ಬಚ್ಚಿನ ಕ್ರಮ ಬಹು ಸರಳವಾದುದು. ಮರದ ಹಲಗೆ ಇಲ್ಲವೆ ಲಿನೋಲಿಯಂ ತುಂಡಿನಲ್ಲಿ ಬೇಡದ ಭಾಗವನ್ನು ಕೆತ್ತಿ ತೆಗೆದರೆ, ಬೇಕಾದುದು ಉಬ್ಬಾಗಿ ಉಳಿಯುತ್ತದೆ. ಅದಕ್ಕೆ ಮಸಿ ಸವರಿ, ಕಾಗದವನ್ನು ಹಾಸಿ ಒತ್ತಿದರೆ, ಎಡವು ಬಲವಾಗಿ, ಬಲವು ಎಡವಾಗಿ ಚಿತ್ರ ಮೂಡುತ್ತದೆ. ಕೋಲು ಹಿಡಿದು ನಡೆಯುವ ಗಾಂಧೀಜಿಯ ಪ್ರಸಿದ್ಧ ಚಿತ್ರವನ್ನು ನಂದಲಾಲ್ ಬೋಸರು 1930ರಲ್ಲಿ ರಚಿಸಿದ್ದು ಲಿನೋಲಿಯಂ ಕೆತ್ತನೆಯಿಂದಲೇ.

ಒಂದೆರಡು ಪ್ರತಿಗಳಿಗೆ ಯಂತ್ರವೇ ಬೇಕಿಲ್ಲ. ಮರದ ಸೌಟಿನ ಬೆನ್ನಿನಿಂದ ಕಾಗದವನ್ನು ಉಜ್ಜಿದರೆ ಸಾಕು. ಇಪ್ಪತ್ತು ಪ್ರತಿ ಬೇಕಾದಾಗ ತೋಳು ಸೋಲುತ್ತದೆ. ಒಂದರಂತೆ ಇನ್ನೊಂದು ಬರುವುದಿಲ್ಲ.

ಇಲ್ಲಿ ನೆರವಿಗೆ ಬರುವುದು ಮೋಟಾರು ವಾಹನವನ್ನು ಎತ್ತುವ ಎಣ್ಣೆಯ ಜಾಕ್. ಉಕ್ಕಿನ ಚಾನೆಲ್‌ಗಳಿಂದ ಬಾಗಿಲಿನ ಚೌಕಟ್ಟಿನಂತಹ ಗಟ್ಟಿ ಕಟ್ಟನ್ನು ಮಾಡಿಸಬೇಕು. ಅದರ ಕೆಳಭಾಗದಲ್ಲಿ ಸಮತಟ್ಟಾದ ಹಾಸು. ಮೇಲೆ ಸ್ಪ್ರಿಂಗ್‌ಗಳಿಂದ ತೂಗುವ ದಪ್ಪ ಫಲಕ. ಈ ಫಲಕದ ಮೇಲೆ ಜಾಕನ್ನು ನೆಟ್ಟಗೆ ನಿಲ್ಲಿಸಿ ಹಿಡಿಯನ್ನು ಆಡಿಸಿದರೆ, ಅದರ ತಲೆ ಮೇಲಿನ ತೊಲೆಯನ್ನು ಒತ್ತುತ್ತದೆ. ತೊಲೆ ಕದಲದ ಕಾರಣ ಫಲಕವೇ ಕೆಳಗಿಳಿದು ಕಾಗದವನ್ನು ಅದುಮುತ್ತದೆ. ಜಾಕನ್ನು ಸಡಿಲಿಸಿದೊಡನೆ ಸ್ಪ್ರಿಂಗ್‌ಗಳು ಫಲಕವನ್ನು ಮೇಲಕ್ಕೆಳೆಯುತ್ತವೆ. ಸಾಮಾನ್ಯ ಜಾಕನ್ನು ತಲೆಕೆಳಗಾಗಿ ಇಡಬಾರದು. ಪಂಪಿಗೆ ಗಾಳಿ ಹೊಕ್ಕು ಅದು ಕೆಲಸ ಮಾಡದಾಗುತ್ತದೆ.

ಇನ್ನು ಬಲದ ಲೆಕ್ಕ. 6 ಟನ್ನಿನ ಜಾಕ್ ಎಂದರೆ 6,000 ಕಿಲೋಗ್ರಾಮಿನ ಒತ್ತು. ಕೆತ್ತನೆಯ ಹಲಗೆ 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದವಿದ್ದರೆ, ಪ್ರತಿ ಚದರ ಸೆಂಟಿಮೀಟರಿಗೆ 5 ಕಿಲೋಗ್ರಾಂ ಬೀಳುತ್ತದೆ. 10ಕ್ಕೆ 12 ಸೆಂಟಿಮೀಟರಿನ ಪುಟ್ಟ ಹಲಗೆಯ ಮೇಲಾದರೋ ಅದೇ ಬಲ 50 ಕಿಲೋಗ್ರಾಂ ಆಗುತ್ತದೆ! ಆದುದರಿಂದ ಚಿತ್ರ ಚಿಕ್ಕದಾದಷ್ಟೂ ಕೈ ಹಗುರವಾಗಿರಬೇಕು.

ಆದರೆ ಮುಖ್ಯವಾದ ಎಚ್ಚರಿಕೆ ಬೇರೊಂದಿದೆ. ಕಾಗದದ ಮೇಲೆ ಬೀಳುವಷ್ಟೇ ಬಲ ಚೌಕಟ್ಟನ್ನೂ ಹರಿಯಲೆಳಸುತ್ತದೆ. ಬೆಸುಗೆ ಬಿಟ್ಟರೆ ಉಕ್ಕಿನ ತುಂಡು ಸಿಡಿದು ಅನಾಹುತವಾದೀತು. ಚೌಕಟ್ಟು ಜಾಕಿಗಿಂತ ಬಲಶಾಲಿಯಾಗಿರಲೇಬೇಕು. ಬೆಸುಗೆಯನ್ನು ನುರಿತ ಕೆಲಸಗಾರರಿಂದಲೇ ಮಾಡಿಸಬೇಕು. ಇಲ್ಲಿ ಉಳಿತಾಯ ಸಲ್ಲದು. ಒತ್ತುವಾಗ ಮಕ್ಕಳನ್ನು ದೂರವಿಡುವುದು ಲೇಸು.

ಹಲಗೆಯನ್ನು ಫಲಕದ ನಟ್ಟನಡುವೆ ಇರಿಸಿ, ಕಾಗದದ ಮೇಲೆ ಫೆಲ್ಟ್ ಬಟ್ಟೆಯನ್ನು ಹಾಸಿದರೆ ಒತ್ತಡ ಸಮನಾಗಿ ಹರಡುತ್ತದೆ. ಮೊದಲ ಪ್ರತಿಯಲ್ಲಿ ಎಲ್ಲಾದರೂ ಮಸಿ ಮಂಕಾಗಿ ಬಿದ್ದಿದ್ದರೆ, ಆ ಭಾಗದ ಹಲಗೆಯಡಿಯಲ್ಲಿ ತೆಳುಕಾಗದದ ಚೂರೊಂದನ್ನು ಸೇರಿಸಿದರಾಯಿತು. ಅನಂತರ ದೀಪಾವಳಿಯ ಶುಭಾಶಯ ಪತ್ರಗಳು ಅಂಗಡಿಯಿಂದ ಬರಬೇಕಾಗಿಲ್ಲ. ಮನೆಯ ಹಗ್ಗದ ಮೇಲೆಯೇ ಸಾಲಾಗಿ ಒಣಗುತ್ತಿರುತ್ತವೆ.