ನಾಲ್ಕು ವ್ಯಾಟಿನ ಮಾತು

ಅಮೆರಿಕದ ಹೆದ್ದಾರಿಗಳಲ್ಲಿ ಹಗಲಿರುಳೆನ್ನದೆ ಸರಕು ಸಾಗಿಸುವ ಭಾರಿ ಲಾರಿಗಳ ಚಾಲಕರಿಗೆ ಒಬ್ಬ ಹಳೆಯ ಸಂಗಾತಿಯುಂಟು. ಕೈಗೆಟಕುವ ಎತ್ತರದಲ್ಲಿ ಕುಳಿತ ಒಂದು ಸಣ್ಣ ಪೆಟ್ಟಿಗೆ. ಅದರಿಂದ ಇಳಿಬಿದ್ದ ಸುರುಳಿ ತಂತಿ. ತಂತಿಯ ತುದಿಯಲ್ಲಿ ಅಂಗೈಯೊಳಗೆ ಹಿಡಿಸುವ ಮೈಕು. ಇದೇ ಸಿ.ಬಿ. ರೇಡಿಯೋ. 'ಸಿಟಿಜನ್ಸ್ ಬ್ಯಾಂಡ್', ಎಂದರೆ ನಾಗರಿಕರ ಬಳಕೆಗೆಂದು ಬಿಟ್ಟುಕೊಟ್ಟ ತರಂಗಪಟ್ಟಿ, ಎಂಬುದು ಅದರ ಪೂರ್ಣ ನಾಮಧೇಯ. ಮನೆಯ ರೇಡಿಯೋದಂತೆ ಕೇಳಿಸುವುದಷ್ಟೇ ಇದರ ಕೆಲಸವಲ್ಲ. ಮೈಕಿನ ಗುಂಡಿಯನ್ನು ಒತ್ತಿ ಹಿಡಿದರೆ ಮಾತನಾಡಬಹುದು, ಬಿಟ್ಟರೆ ಕೇಳಬಹುದು.

ಅಲ್ಲಿಯ ಸರ್ಕಾರ 27 ಮೆಗಾಹರ್ಟ್ಜ್ ಸುತ್ತಮುತ್ತಲಿನ ಈ ಪಟ್ಟಿಯನ್ನು ಜನರಿಗೆ ತೆರೆದುದು 1958ರಲ್ಲಿ. ಹದಿನೈದು ವರ್ಷ ಅದು ಬಡಗಿ, ರೈತ, ಟ್ಯಾಕ್ಸಿಯವರ ಉಪಕರಣವಾಗಿ ಸದ್ದಿಲ್ಲದೆ ನಡೆಯಿತು. 1973ರಲ್ಲಿ ತೈಲದ ಬಿಕ್ಕಟ್ಟು ತಲೆದೋರಿ, ಮರುವರ್ಷ ಹೆದ್ದಾರಿಯ ವೇಗಕ್ಕೆ 55 ಮೈಲುಗಳ ಕಟ್ಟಳೆ ಬಿದ್ದಾಗ, ಎಲ್ಲಿ ಡೀಸೆಲ್ ಸಿಗುತ್ತದೆ, ಯಾವ ಸೇತುವೆಯ ಮರೆಯಲ್ಲಿ ಪೊಲೀಸರು ಹೊಂಚು ಹಾಕಿದ್ದಾರೆ ಎಂಬ ಸಮಾಚಾರ ಲಾರಿಯಿಂದ ಲಾರಿಗೆ ಹರಿಯತೊಡಗಿತು. ಆ ಮೇಲೆ ಅದು ಹುಚ್ಚಾಗಿ ಹಬ್ಬಿತು. ರಾಷ್ಟ್ರಾಧ್ಯಕ್ಷ ಫೋರ್ಡರ ಪತ್ನಿ ಬೆಟ್ಟಿ ಫೋರ್ಡರೂ 1976ರಲ್ಲಿ 'ಫಸ್ಟ್ ಮಾಮಾ' ಎಂಬ ಅಡ್ಡಹೆಸರಿನಿಂದ ಮೈಕು ಹಿಡಿದರೆಂದರೆ ಕೇಳಬೇಕೆ! ಇಪ್ಪತ್ತಮೂರು ಚಾನೆಲುಗಳು ಸಾಲದೆ 1977ರಲ್ಲಿ ಅವನ್ನು 40ಕ್ಕೆ ಏರಿಸಬೇಕಾಯಿತು. ಮುಂದೆ ಮೊಬೈಲ್ ದೂರವಾಣಿ ಬಂದು ಜಾತ್ರೆ ಚದುರಿತು. ಲಾರಿಯವರು ಮಾತ್ರ 19ನೆಯ ಚಾನೆಲನ್ನು ಬಿಟ್ಟಿಲ್ಲ. 9ನೆಯದು ಇಂದಿಗೂ ಆಪತ್ತಿನ ಕರೆಗಳಿಗೆ ಮೀಸಲು.

ಆಪತ್ತಿನ ಕರೆಯಲ್ಲಿಯೇ ಮಾತಿನ ಸ್ಪಷ್ಟತೆಯ ಪ್ರಶ್ನೆ ಬರುವುದು. ಮಂಜು ಮುಸುಕಿದ ರಸ್ತೆಯಲ್ಲಿ ಲಾರಿಯೊಂದು ಅಡ್ಡ ಬಿದ್ದಿದೆ ಎನ್ನೋಣ. ಕಂಡವನು 'ಮೈಲಿಗಲ್ಲು ಫಿಫ್ಟೀನ್' ಎಂದು ಕೂಗುತ್ತಾನೆ. ಕೊನೆಯ ನಕಾರ ಎಂಜಿನ್ನಿನ ಸದ್ದಿನಲ್ಲಿ ಮುಳುಗಿ ಕೇಳುವವನ ಕಿವಿಗೆ 'ಫಿಫ್ಟಿ' ಎಂದು ಬೀಳುತ್ತದೆ. ಹದಿನೈದು ಐವತ್ತಾಯಿತು; ನೆರವು ಮೂವತ್ತೈದು ಮೈಲು ದೂರ ಸರಿಯಿತು.

ತನ್ನ ಮಾತು ಇತರರಿಗೆ ತಿಳಿಯುತ್ತಿಲ್ಲವೆಂದಾಗ ಸಿ.ಬಿ. ಬಳಸುವವನಿಗೆ ಮೊದಲು ತೋಚುವುದು ಹೆಚ್ಚಿನ ವಿದ್ಯುಚ್ಛಕ್ತಿ. ಆದರೆ ಸಾಮಾನ್ಯ ಬಗೆಯ ಪ್ರಸಾರಕ್ಕೆ ಕಾನೂನು ಒಪ್ಪುವುದು 4 ವ್ಯಾಟು ಮಾತ್ರ. ನಮ್ಮ ಮನೆಗಳಲ್ಲಿ 'ಜೀರೋ ಬಲ್ಬು' ಎಂದು ಕರೆಸಿಕೊಳ್ಳುತ್ತಿದ್ದ ಹಳೆಯ ರಾತ್ರಿದೀಪ ಕೂಡ ಇದಕ್ಕಿಂತ ಹೆಚ್ಚು ವಿದ್ಯುತ್ತನ್ನು ನುಂಗುತ್ತಿತ್ತು! ಇಷ್ಟರಲ್ಲಿ ಹಲವು ಮೈಲು ಮಾತು ತಲಪುವುದೇ ಸೋಜಿಗ. ಆ ನಾಲ್ಕು ವ್ಯಾಟು ಸಹ ಮಾತಿನದಲ್ಲ. ಮಾತನ್ನು ಹೊರುವ ವಾಹಕ ತರಂಗದ್ದು. ಅದು ಬಂಡಿ; ದನಿ ಅದರ ಮೇಲಿನ ಹೇರು. ಬಂಡಿಯ ಪೂರ್ಣ ಸಾಮರ್ಥ್ಯದಷ್ಟು, ಎಂದರೆ ನೂರಕ್ಕೆ ನೂರರಷ್ಟು, ಹೇರಿದಾಗ ಒಂದೇ ಸಮನಾದ ಸ್ವರಕ್ಕೆ ದೊರೆಯುವ ಶಕ್ತಿ 2 ವ್ಯಾಟು. ಹೇರನ್ನು ಅರ್ಧಕ್ಕೆ ಇಳಿಸಿದರೆ ಅದು 1 ವ್ಯಾಟು ಆಗುವುದಿಲ್ಲ, ಕೇವಲ ಅರ್ಧ ವ್ಯಾಟಿಗೆ ಕುಸಿಯುತ್ತದೆ. ಸೊರಗಿದ ಮೈಕಿನ ಮುಂದೆ ಪಿಸುಗುಟ್ಟುವವನು ಬರಿಯ ಬಂಡಿಯನ್ನು ಊರಿಂದೂರಿಗೆ ಹೊಡೆದಂತಾಯಿತು.

ಹಾಗೆಂದು ಮಿತಿಮೀರಿ ಹೇರಿದರೂ ಕೆಟ್ಟಿತು. ನೂರರ ಗಡಿ ದಾಟಿದೊಡನೆ ವಾಹಕ ತರಂಗವೇ ಕ್ಷಣಕ್ಷಣಕ್ಕೂ ತುಂಡಾಗಿ ಮಾತು ಒಡೆಯುತ್ತದೆ, ಗರಗರ ಸದ್ದು ಅಕ್ಕಪಕ್ಕದ ಚಾನೆಲುಗಳಿಗೂ ಚೆಲ್ಲುತ್ತದೆ. ಇದನ್ನು ತಡೆಯಲೆಂದೇ ಯಂತ್ರದೊಳಗೆ ಕಡಿವಾಣವೊಂದನ್ನು ಇಟ್ಟಿರುತ್ತಾರೆ. ಅದನ್ನು ಕತ್ತರಿಸಿ ತೆಗೆದು 'ಈಗ ನೋಡಿ ನಿಮ್ಮ ದನಿ!' ಎಂದು ಬೆನ್ನು ತಟ್ಟುವ ಮೆಕ್ಯಾನಿಕರು ಅಲ್ಲಿಯೂ ಇದ್ದಾರೆ. ಅಬ್ಬರ ಹೆಚ್ಚುವುದೇನೋ ನಿಜ, ಅಕ್ಷರಗಳು ಹೆಚ್ಚುವುದಿಲ್ಲ.

ಅಕ್ಷರಗಳ ವಿಚಾರವನ್ನು ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಸ್ವರ ತಾನಾಗಿ ನಿಲ್ಲಬಲ್ಲುದು, ವ್ಯಂಜನಕ್ಕೆ ಸ್ವರದ ಆಸರೆ ಬೇಕು ಎಂದು ವ್ಯಾಕರಣ ಹೇಳುತ್ತದೆ. ರೇಡಿಯೋದ ತೊಡಕು ಅಲ್ಲಿಯೇ ಇದೆ. ದನಿಯ ಬಲವೆಲ್ಲ ಸ್ವರಗಳಲ್ಲಿ. ಅರ್ಥವನ್ನು ಬೇರ್ಪಡಿಸುವ ಹೊಣೆಯ ದೊಡ್ಡ ಪಾಲು ಬಡಪಾಯಿ ವ್ಯಂಜನಗಳದು. ಕಲೆ, ತಲೆ, ಬಲೆ, ಮಲೆ: ಮೊದಲ ವ್ಯಂಜನ ಅಳಿಸಿದರೆ ನಾಲ್ಕೂ ಒಂದೇ. ಮಾತಿನ ಶಕ್ತಿಯ ಬಹುಭಾಗ ಸೆಕೆಂಡಿಗೆ 1000 ಕಂಪನಗಳಿಗಿಂತ ಕೆಳಗಿದ್ದರೆ, ವ್ಯಂಜನಗಳನ್ನು ಗುರುತಿಸುವ ಸುಳಿವುಗಳು ಬಹುಮಟ್ಟಿಗೆ ಅದಕ್ಕಿಂತ ಮೇಲಿರುತ್ತವೆ. ಸಿ.ಬಿ.ಯಂಥ ಸಂಪರ್ಕ ಯಂತ್ರದಲ್ಲಿ ಮಾತಿಗೆ ಸಿಗುವ ದಾರಿಯೋ ಸುಮಾರು 300ರಿಂದ 3000 ಕಂಪನಗಳಷ್ಟು ಇಕ್ಕಟ್ಟಾದುದು. ಆದುದರಿಂದ ಸಂಗೀತಕ್ಕೆ ಒಪ್ಪುವ, ಮಂದ್ರಸ್ಥಾಯಿ ತುಂಬಿದ ಗಂಭೀರ ಮೈಕು ಇಲ್ಲಿ ಕೆಲಸಕ್ಕೆ ಬಾರದು. ಕೋಣೆಯಲ್ಲಿ ಕೊಂಚ ಕೀರಲೆನಿಸುವ ಮೈಕೇ ರಸ್ತೆಯ ಮೇಲೆ ಗೆಲ್ಲುತ್ತದೆ.

ಆಸ್ಟಾಟಿಕ್ ಕಂಪನಿಯ ಡಿ-104 ಎಂಬ ಮೈಕು ಇಂಥದು. ಕೋಲಿನ ಮೇಲೆ ಗುಂಡನೆಯ ತಲೆ; ಅದಕ್ಕೇ 'ಲಾಲಿಪಾಪ್' ಎಂಬ ಮುದ್ದಿನ ಹೆಸರು. 1933ರಲ್ಲಿ ಹವ್ಯಾಸಿ ರೇಡಿಯೋದವರಿಗೆಂದು ಹುಟ್ಟಿದ ಇದು ಸಿ.ಬಿ. ಬಳಗಕ್ಕೂ ಅಚ್ಚುಮೆಚ್ಚಾಯಿತು. ಒಳಗಿನ ಹರಳು ಮಾತಿನ ಮೇಲ್ಭಾಗವನ್ನು ಎತ್ತಿ ತೋರಿಸುತ್ತಿತ್ತು. ಬಿಸಿಲಿಗೂ ತೇವಕ್ಕೂ ಮಾತ್ರ ಬೇಗ ಕೆಡುತ್ತಿತ್ತು. ಆ ಬಳಿಕ ಹಿಡಿಯೊಳಗೆ ಬ್ಯಾಟರಿಯಿಂದ ನಡೆಯುವ ಪುಟ್ಟ ವರ್ಧಕವಿರುವ 'ಪವರ್ ಮೈಕು'ಗಳು ಬಂದವು. ದನಿ ಮೆಲುವಾದವರಿಗೆ ಇವು ವರವೇ. ತಿರುಪನ್ನು ಕೊನೆಯವರೆಗೆ ತಿರುಗಿಸಿಟ್ಟುಕೊಳ್ಳುವವರಿಗೆ ಇವೇ ಶಾಪ, ಏಕೆಂದರೆ ವರ್ಧಕಕ್ಕೆ ಮಾತು ಯಾವುದು, ಟಯರಿನ ಮೊರೆತ ಯಾವುದು ಎಂಬ ವಿವೇಕವಿಲ್ಲ.

ವಿವೇಕವಿರುವುದು ದೂರಕ್ಕೆ. ತುಟಿಗೂ ಮೈಕಿಗೂ ನಡುವೆ ನಾಲ್ಕು ಅಂಗುಲವಿದ್ದುದನ್ನು ಎರಡಕ್ಕೆ ಇಳಿಸಿದರೆ ಮೈಕಿಗೆ ಬಡಿಯುವ ದನಿಯ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕ್ಯಾಬಿನ್ನಿನ ಗದ್ದಲ ಇದ್ದಷ್ಟೇ ಇರುತ್ತದೆ. ಕಾಸು ಖರ್ಚಿಲ್ಲದ ಈ ಚಿಕಿತ್ಸೆ ಬಹಳ ಮಂದಿಗೆ ರುಚಿಸದಿರುವುದು ವಿಚಿತ್ರ. ಮೈಕನ್ನು ಬಾಯಿಯ ನೇರಕ್ಕಲ್ಲ, ಕೆನ್ನೆಯ ಕಡೆಗೆ ತುಸು ಓರೆಯಾಗಿ ಹಿಡಿಯಬೇಕು. ಇಲ್ಲವಾದರೆ ಪಕಾರ ಬಕಾರಗಳ ಉಸಿರು ಗುದ್ದಿದಂತೆ ಕೇಳುತ್ತದೆ. ಸದ್ದನ್ನು ತಗ್ಗಿಸುವ ವಿಶೇಷ ಮೈಕುಗಳೂ ಇವೆ. ಅವುಗಳ ಪೊರೆಗೆ ಮುಂದೆಯೂ ಹಿಂದೆಯೂ ಕಿಂಡಿ. ದೂರದ ಗದ್ದಲ ಎರಡೂ ಕಡೆಯಿಂದ ಸಮನಾಗಿ ನುಗ್ಗಿ ಬಹುಮಟ್ಟಿಗೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಹತ್ತಿರದ ಮಾತು ಮುಂದಿನ ಕಿಂಡಿಗೇ ಹೆಚ್ಚಾಗಿ ಬಿದ್ದು ಉಳಿಯುತ್ತದೆ. ಇಂಥದರ ಹಿಂಬದಿಯನ್ನು ಅಂಗೈಯಿಂದ ಮುಚ್ಚಿ ಹಿಡಿದರೆ ಕೊಟ್ಟ ಹಣ ವ್ಯರ್ಥ.

ಎಷ್ಟೋ ವೇಳೆ ದೋಷ ಮೈಕಿನದಾಗಿರದೆ ತಂತಿಯದಾಗಿರುತ್ತದೆ. ಎಳೆದೆಳೆದು ಸುರುಳಿಯ ಬುಡದಲ್ಲಿ ಎಳೆಯೊಂದು ಕಡಿದರೆ ಮಾತು ಬಿಟ್ಟು ಬಿಟ್ಟು ಕೇಳಿಸುತ್ತದೆ. ಮೈಕು ಬದಲಾಯಿಸುವವರು ಇನ್ನೊಂದನ್ನು ಗಮನಿಸಬೇಕು: ನಾಲ್ಕು ಮುಳ್ಳಿನ ಪ್ಲಗ್ಗು ನೋಡಲು ಒಂದೇ ತೆರನಾಗಿದ್ದರೂ ಯಾವ ಮುಳ್ಳಿಗೆ ಯಾವ ತಂತಿ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಎಂಜಿನ್ನಿನ ವೇಗದೊಡನೆ ಏರಿಳಿಯುವ ಸಿಳ್ಳು ಬರುತ್ತಿದ್ದರೆ ಯಂತ್ರಕ್ಕೆ ನೇರವಾಗಿ ಬ್ಯಾಟರಿಯಿಂದಲೇ ದಪ್ಪ ತಂತಿ ಎಳೆಯುವುದು ಮೊದಲ ಮದ್ದು.

ಇಷ್ಟು ಮಾಡಿ, ತನ್ನ ದನಿಯನ್ನು ತಾನೇ ಮೆಚ್ಚಿಕೊಂಡು ಪ್ರಯೋಜನವಿಲ್ಲ. ಮೈಲೆರಡು ಮೈಲು ದೂರದ ಇನ್ನೊಬ್ಬನನ್ನು ಕೇಳಬೇಕು, 'ಹೇಗೆ ಕೇಳಿಸುತ್ತಿದೆ?' ಎಂದಲ್ಲ, ಹತ್ತು ಬಿಡಿ ಪದಗಳನ್ನು ಓದಿ 'ಏನು ಕೇಳಿಸಿತು?' ಎಂದು. ಆಪತ್ತಿನಲ್ಲಿ ಮಾತನಾಡುವವನು ಗುಂಡಿ ಒತ್ತಿ ಅರೆಗಳಿಗೆ ತಡೆಯಬೇಕು, ಇಲ್ಲವಾದರೆ ಮೊದಲ ಅಕ್ಷರವೇ ಹಾರಿಹೋಗುತ್ತದೆ. ಬಳಿಕ 'ಫಿಫ್ಟೀನ್' ಎನ್ನದೆ 'ಒನ್, ಫೈವ್' ಎಂದು ಅಂಕಿಗಳನ್ನು ಬಿಡಿಸಿ, ಎರಡು ಸಲ ಹೇಳಿ, ಗುಂಡಿ ಬಿಟ್ಟು, ಆ ಕಡೆಯವನು ಅದನ್ನೇ ತಿರುಗಿ ಹೇಳುವವರೆಗೆ ಕಾಯಬೇಕು.