ಆರು ರಂಧ್ರ, ಏಳು ಸ್ವರ: ಕೊಳಲಿನ ಮೊದಲ ಪಾಠವನ್ನು ಕುರಿತು

ನಮ್ಮ ವಾದ್ಯಗಳಲ್ಲಿ ಕೊಳಲಿನಷ್ಟು ಸರಳವಾದುದು ಬೇರೊಂದಿಲ್ಲವೆಂಬ ಭಾವನೆ ಜನರಲ್ಲಿ ಬೇರೂರಿದೆ. ಒಂದು ಬಿದಿರಿನ ತುಂಡು, ಊದುವುದಕ್ಕೆ ಒಂದು ರಂಧ್ರ, ಬೆರಳುಗಳಿಗೆ ಆರು ರಂಧ್ರ. ತಂತಿಯಿಲ್ಲ, ಚರ್ಮವಿಲ್ಲ, ಬಿರಡೆಯಿಲ್ಲ. ಆದರೂ ಹಾರ್ಮೋನಿಯಮ್ಮಿನ ಮನೆಯನ್ನು ಒತ್ತಿದ ಮಗುವಿಗೆ ಕೂಡಲೇ ದೊರೆಯುವ ಸ್ವರವು ಕೊಳಲು ಹಿಡಿದ ವಯಸ್ಕನಿಗೆ ದಿನಗಟ್ಟಲೆ ದೊರೆಯುವುದಿಲ್ಲ. ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಜಿಡಗಾದಲ್ಲಿ ಕೊಂಡ ಕೊಳಲೊಂದನ್ನು ಈ ಲೇಖಕನು ಮೊದಲ ವಾರವೆಲ್ಲ ಊದಿದರೂ ಹೊರಟದ್ದು ಬರಿಯ ಗಾಳಿಯ ಸಪ್ಪಳ. ಇಂಥ ಅನುಭವವಾದವರಲ್ಲಿ ಅನೇಕರು 'ಇದು ನಮಗೆ ಒಲಿಯುವ ವಿದ್ಯೆಯಲ್ಲ' ಎಂದು ಕೊಳಲನ್ನು ಮೂಲೆಗಿಡುತ್ತಾರೆ. ಈ ನಿರ್ಣಯವು ತಪ್ಪೆಂದೂ, ಆರಂಭದ ಈ ಮೌನಕ್ಕೆ ಕಾರಣವು ಪ್ರತಿಭೆಯ ಅಭಾವವಲ್ಲ, ವಾದ್ಯದ ಸ್ವಭಾವವೆಂದೂ ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನಾದದ ಉತ್ಪತ್ತಿಯನ್ನು ನೋಡೋಣ. ಶಹನಾಯಿಯಲ್ಲಿ ಕಂಪಿಸುವುದಕ್ಕೆ ಪೀಪಿಯುಂಟು. ಹಾರ್ಮೋನಿಯಮ್ಮಿನಲ್ಲಿ ಲೋಹದ ನಾಲಗೆಯುಂಟು. ಕೊಳಲಿನಲ್ಲಿ ಅಂಥದೇನೂ ಇಲ್ಲ. ತುಟಿಗಳ ನಡುವಿನಿಂದ ತೆಳ್ಳನೆಯ ಪಟ್ಟಿಯಂತೆ ಹೊರಟ ಗಾಳಿಯು ಮುಖರಂಧ್ರದ ಎದುರಿನ ಅಂಚಿಗೆ ತಗುಲಿ, ಒಮ್ಮೆ ಕೊಳವೆಯ ಒಳಗೂ ಒಮ್ಮೆ ಹೊರಗೂ ಹೊಯ್ದಾಡುತ್ತದೆ. ಆ ಹೊಯ್ದಾಟಕ್ಕೆ ಕೊಳವೆಯೊಳಗಿನ ಗಾಳಿಯ ಕಂಪನವು ಹೊಂದಿಕೊಂಡಾಗಲೇ ಸ್ವರ ಹುಟ್ಟುತ್ತದೆ. ಗಾಳಿಯು ಅಂಚನ್ನು ತಪ್ಪಿದರೆ ಎಷ್ಟು ಬಲವಾಗಿ ಊದಿದರೂ ಫಲವಿಲ್ಲ. ಆದುದರಿಂದ ಹೊಸಬನ ಕೊರತೆ ಉಸಿರಿನದಲ್ಲ, ಗುರಿಯದು. ಬೆರಳುಗಳನ್ನೆಲ್ಲ ತೆರೆದಿಟ್ಟು, ಕೊಳಲನ್ನು ತುಟಿಯ ಕೆಳಗೆ ಕೂದಲೆಳೆಯಷ್ಟು ಹೊರಳಿಸುತ್ತ ಮೆಲ್ಲನೆ ಊದಿದರೆ ಒಂದು ಕೋನದಲ್ಲಿ ನಾದವು ತಾನಾಗಿ ಏಳುತ್ತದೆ. ತಲೆ ತಿರುಗಿದಂತಾದರೆ ನಿಲ್ಲಿಸತಕ್ಕದ್ದು. ಅದು ಬೇಕಾದುದಕ್ಕಿಂತ ಹೆಚ್ಚು ಊದುತ್ತಿರುವುದರ ಲಕ್ಷಣ.

ಈ ಕಷ್ಟವು ನಮ್ಮ ಕಾಲದ ಕಲಿಯುವವರಿಗೇ ಮೀಸಲಾದುದಲ್ಲ. ದೇವಗಿರಿಯ ಸೇವುಣ ದೊರೆ ಸಿಂಘಣನ (ಸು. 1210–1247) ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದ ವಾದ್ಯಾಧ್ಯಾಯದಲ್ಲಿ ವಂಶವೆಂಬ ಹೆಸರಿನಿಂದ ಕೊಳಲನ್ನು ವಿಸ್ತಾರವಾಗಿ ವಿವರಿಸಿದ್ದಾನೆ. ಮುಖರಂಧ್ರಕ್ಕೂ ಅದರ ಸಮೀಪದ ರಂಧ್ರಕ್ಕೂ ನಡುವಣ ಅಂತರವನ್ನು ಅಂಗುಲದಿಂದ ಅಳೆದು, ಏಕವೀರ, ಉಮಾಪತಿ, ತ್ರಿಪುರುಷ ಮುಂತಾಗಿ ಕೊಳಲುಗಳಿಗೆ ಹೆಸರಿಟ್ಟಿದ್ದಾನೆ. ಅಷ್ಟೇ ಅಲ್ಲದೆ ಊದುವಿಕೆಯನ್ನು ಫೂತ್ಕಾರವೆಂದು ಕರೆದು ಅದರ ಗುಣದೋಷಗಳನ್ನೂ ಎಣಿಸಿದ್ದಾನೆ. ನಾದವು ಬಡಕಲಾಗುವ 'ಕೃಶ', ನಡುನಡುವೆ ತಡವರಿಸುವ 'ಸ್ಖಲಿತ' ಇವು ಆ ದೋಷಗಳಲ್ಲಿ ಸೇರಿವೆ. ಏಳುನೂರು ವರ್ಷಗಳಿಗೂ ಹಿಂದೆ ಶಾಸ್ತ್ರಕಾರನು ಹೆಸರಿಟ್ಟು ಗುರುತಿಸಿದ ದೋಷವು ತನ್ನ ಕೊಳಲಿನಲ್ಲಿ ಕೇಳಿಬಂದರೆ ಹೊಸಬನು ನಾಚಬೇಕಾದುದಿಲ್ಲ.

ಎರಡನೆಯ ತೊಡಕು ಬೆರಳಿನದು. ಹಿಂದೂಸ್ತಾನಿ ಪದ್ಧತಿಯ ಬಾನ್ಸುರಿಯಲ್ಲಿ ಮೇಲಿನ ಮೂರು ರಂಧ್ರಗಳನ್ನು ಮುಚ್ಚಿದರೆ ಷಡ್ಜ, ಎರಡನ್ನು ಮುಚ್ಚಿದರೆ ಶುದ್ಧ ರಿಷಭ, ಒಂದನ್ನು ಮುಚ್ಚಿದರೆ ಶುದ್ಧ ಗಾಂಧಾರ, ಎಲ್ಲವನ್ನೂ ತೆರೆದರೆ ತೀವ್ರ ಮಧ್ಯಮ. ಆರನ್ನೂ ಮುಚ್ಚಿದರೆ ಪಂಚಮ, ಐದನ್ನು ಮುಚ್ಚಿದರೆ ಧೈವತ, ನಾಲ್ಕನ್ನು ಮುಚ್ಚಿದರೆ ನಿಷಾದ. ಇವೇ ಮೂರು ಮೆಲ್ಲನೆ ಊದಿದಾಗ ಮಂದ್ರದಲ್ಲಿಯೂ, ತುಟಿಯನ್ನು ಬಿಗಿಹಿಡಿದು ಊದಿದಾಗ ಮಧ್ಯದಲ್ಲಿಯೂ ನುಡಿಯುತ್ತವೆ. ಹೀಗೆ ಪೂರ್ಣವಾಗಿ ಮುಚ್ಚಿ ತೆರೆಯುವುದರಿಂದ ದೊರೆಯುವುದು ಕಲ್ಯಾಣ ಥಾಟಿನ ಸ್ವರಗಳು ಮಾತ್ರ. ಶುದ್ಧ ಮಧ್ಯಮವೂ ಎಲ್ಲ ಕೋಮಲ ಸ್ವರಗಳೂ ರಂಧ್ರವನ್ನು ಅರ್ಧ ಮುಚ್ಚುವುದರಿಂದಲೇ ಹುಟ್ಟಬೇಕು. ಆ ಅರ್ಧವೆಂದರೆ ಎಷ್ಟು? ಅದನ್ನು ಗೆರೆಯೆಳೆದು ತೋರಿಸಲಾಗದು, ಕಿವಿಯೇ ಹೇಳಬೇಕು.

ಭರತನ 'ನಾಟ್ಯಶಾಸ್ತ್ರ'ವು ಸುಷಿರವಾದ್ಯಗಳ ಅಧ್ಯಾಯದಲ್ಲಿ ಈ ರಹಸ್ಯವನ್ನೇ ಸೂಕ್ಷ್ಮವಾಗಿ ಹೇಳಿದೆ. ಬೆರಳನ್ನು ಪೂರ್ತಿ ಎತ್ತಿದಾಗ ನಾಲ್ಕು ಶ್ರುತಿಯ ಸ್ವರ, ಕಂಪಿಸಿದಾಗ ಮೂರು ಶ್ರುತಿಯ ಸ್ವರ, ಅರ್ಧ ತೆರೆದಾಗ ಎರಡು ಶ್ರುತಿಯ ಸ್ವರ ಎಂಬುದು ಅಲ್ಲಿಯ ವಿಧಿ. ಶ್ರುತಿವಿಚಾರವನ್ನು ಗ್ರಂಥದಲ್ಲಿ ಓದಿ ಬೇಸತ್ತ ವಿದ್ಯಾರ್ಥಿಯು ಒಂದು ಕೊಳಲನ್ನು ಹಿಡಿದರೆ ಆ ಶಾಸ್ತ್ರವು ಬೆರಳಿನ ತುದಿಯಲ್ಲಿ ಅರ್ಥವಾಗತೊಡಗುತ್ತದೆ. ಹಾರ್ಮೋನಿಯಮ್ಮು ಸ್ವರವನ್ನು ಸಿದ್ಧಪಡಿಸಿ ಕೊಡುತ್ತದೆ. ಕೊಳಲು ಅದನ್ನು ನಮ್ಮಿಂದಲೇ ಮಾಡಿಸುತ್ತದೆ. ಕೊಳಲಿನ ಕಷ್ಟವೂ ಪ್ರಯೋಜನವೂ ಇದೊಂದರಲ್ಲಿಯೇ ಅಡಗಿವೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆಟಿಕೆಯೆಂದು ಮಾರುವ ಕೊಳಲುಗಳಲ್ಲಿ ರಂಧ್ರಗಳ ಸ್ಥಾನ ಶ್ರುತಿಬದ್ಧವಾಗಿರುವುದು ವಿರಳ. ಮೇಲೆ ಹೇಳಿದ ಕೊಳಲನ್ನು ಕೊನೆಗೆ ಹಾರ್ಮೋನಿಯಮ್ಮಿನೊಡನೆ ಹೋಲಿಸಿದಾಗ ಅದರ ಗಾಂಧಾರವು ಯಾವ ಮನೆಗೂ ಕೂಡಲಿಲ್ಲ. ಅಷ್ಟು ದಿನ ದೋಷವು ತನ್ನದೆಂದೇ ಈ ಲೇಖಕನು ಭಾವಿಸಿದ್ದನು. ಬಲ್ಲವರಿಂದ ಪರೀಕ್ಷಿಸಿದ, ಬೆರಳುಗಳಿಗೆ ಎಟುಕುವ ಮಧ್ಯಮ ಗಾತ್ರದ ಕೊಳಲೇ ಆರಂಭಕ್ಕೆ ಯುಕ್ತ. ಬೆರಳಿನ ತುದಿಗಿಂತ ಮೆತ್ತನೆಯ ಭಾಗದಿಂದ ರಂಧ್ರವನ್ನು ಮುಚ್ಚಬೇಕು. ಒಂದು ಬೆರಳಿನ ಅಡಿಯಲ್ಲಿ ಕಿರಿದಾದ ಸಂದು ಉಳಿದರೂ ಕೆಳಗಿನ ಸ್ವರಗಳು ನುಡಿಯವು. ಮೇಲಿನ ರಂಧ್ರದಿಂದ ಆರಂಭಿಸಿ ಒಂದೊಂದಾಗಿ ಬೆರಳನ್ನು ಸೇರಿಸುತ್ತ ಷಡ್ಜವನ್ನು ಮುಟ್ಟಿ, ತಂಬೂರಿಯ ಶ್ರುತಿಯಲ್ಲಿ ಅದನ್ನೇ ದೀರ್ಘವಾಗಿ ನಿಲ್ಲಿಸುವುದು ಮೊದಲ ತಿಂಗಳಿಗೆ ಸಾಕಾದ ಸಾಧನೆ.

ಈ ಬಿದಿರು ಕಚೇರಿಯ ಮುಖ್ಯ ವಾದ್ಯವಾದುದು ತೀರ ಈಚಿನ ಸಂಗತಿ. ದಕ್ಷಿಣದಲ್ಲಿ ಕುಂಭಕೋಣದ ಶರಭಶಾಸ್ತ್ರಿಗಳು (1872–1904) ಕಣ್ಣಿಲ್ಲದವರಾಗಿದ್ದೂ ಅದಕ್ಕೆ ಆ ಸ್ಥಾನವನ್ನು ಗಳಿಸಿಕೊಟ್ಟರು. ಉತ್ತರದಲ್ಲಿ ಪನ್ನಾಲಾಲ್ ಘೋಷರು (1911–1960) ಉದ್ದವಾದ ದೊಡ್ಡ ಬಾನ್ಸುರಿಯನ್ನು ರೂಪಿಸಿ, ಏಳನೆಯ ರಂಧ್ರವೊಂದನ್ನು ಸೇರಿಸಿ, ಖಯಾಲಿನ ಗಾಂಭೀರ್ಯವನ್ನು ಅದರಲ್ಲಿ ತಂದರು. ನಮ್ಮ ಧಾರವಾಡದಲ್ಲಿ ವೆಂಕಟೇಶ ಗೋಡಖಿಂಡಿಯವರಿಂದ ಅವರ ಮಗ ಪ್ರವೀಣ ಗೋಡಖಿಂಡಿಯವರಿಗೆ ಈ ವಿದ್ಯೆ ಮನೆಯಲ್ಲಿಯೇ ಹರಿದುಬಂದಿತು. ಗುರುವು ಎದುರಿಗಿದ್ದು ತುಟಿಯ ಕೋನವನ್ನು ತಿದ್ದುವುದಕ್ಕೆ ಸಮನಾದುದು ಬೇರೊಂದಿಲ್ಲ.

ಆದರೆ ಎಲ್ಲ ಊರಿನಲ್ಲಿಯೂ ಎಲ್ಲ ಮನೆಯಲ್ಲಿಯೂ ಅಂಥ ಗುರುವಿರುವುದಿಲ್ಲ. ಗುರುವು ದೊರೆಯುವವರೆಗೆ ಕಲಿಯುವವನನ್ನು ಕಾಪಾಡಬೇಕಾದುದು ತಿಳಿವಳಿಕೆ. ಗಾಳಿಯೇಕೆ ನಾದವಾಗಲಿಲ್ಲ, ಸ್ವರವೇಕೆ ಕೂಡಲಿಲ್ಲ ಎಂಬುದನ್ನು ಅರಿತವನು ತನ್ನನ್ನು ಹಳಿದುಕೊಳ್ಳುವುದಿಲ್ಲ. ಕೊಳಲನ್ನು ಮತ್ತೆ ತುಟಿಗಿಟ್ಟು ಅಂಚನ್ನು ಹುಡುಕುತ್ತಾನೆ. ಕಾಲೇಜುಗಳ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಇಷ್ಟನ್ನು ತಿಳಿಸಿದರೂ, ಮೂಲೆ ಸೇರಿದ ಎಷ್ಟೋ ಕೊಳಲುಗಳು ಮತ್ತೆ ಕೈಗೆ ಬಂದಾವು.